ಹಗ್ಗ ಉದ್ದವಾಗುವ ಬಾವಿ



ಆಳಂದದಿಂದ ಉಮರ್ಗಾದ ಕಡೆ ಹೋಗುವ ದಾರಿಯಲ್ಲಿ, ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡಂತೆ ಇರುವ ಊರು ನಮ್ಮ ಖಜೂರಿ. ಕೋರಣೇಶ್ವರ ಮಠದ ಊರು ಎಂದರೆ ಭಕ್ತರಿಗೆ ಗೊತ್ತು, ಚೆಕ್‌ಪೋಸ್ಟಿನ ಊರು ಎಂದರೆ ಲಾರಿಯವರಿಗೆಲ್ಲ ಗೊತ್ತು. ಕನ್ನಡದಲ್ಲಿ ಕುಶಲ ಕೇಳಿ ಮರಾಠಿಯಲ್ಲಿ ಚೌಕಾಸಿ ಮಾಡುವ ಜನ ನಾವು.

2022ರ ಏಪ್ರಿಲ್ ತಿಂಗಳಲ್ಲಿ ಗಡಿಯ ಈಚೆಗಿನ ಪೆಟ್ರೋಲ್ ಪಂಪುಗಳ ಮುಂದೆ ನಿಂತ ಗಾಡಿಗಳ ನಂಬರು ಓದುತ್ತ ಹೋಗಿದ್ದರೆ ನಮ್ಮ ಕೆಎ-32 ಹುಡುಕಬೇಕಾಗುತ್ತಿತ್ತು. ಎಲ್ಲ ಎಂಎಚ್-25, ಎಂಎಚ್-13. ಉಸ್ಮಾನಾಬಾದಿನವು, ಸೊಲ್ಲಾಪುರದವು. ಅದರ ಹಿಂದಿನ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಸುಂಕ ಇಳಿಸಿದಾಗ ಕರ್ನಾಟಕ ತನ್ನ ಪಾಲಿನಿಂದಲೂ ಲೀಟರಿಗೆ 7 ರೂಪಾಯಿ ಬಿಟ್ಟಿತ್ತು, ಮಹಾರಾಷ್ಟ್ರ ಆಗ ಬಿಟ್ಟಿರಲಿಲ್ಲ. ಆ ಏಪ್ರಿಲ್‌ನಲ್ಲಿ ಮುಂಬೈಯಲ್ಲಿ ಪೆಟ್ರೋಲ್ 120 ರೂಪಾಯಿ 51 ಪೈಸೆ, ಬೆಂಗಳೂರಿನಲ್ಲಿ 111 ರೂಪಾಯಿ 9 ಪೈಸೆ. ಡೀಸೆಲ್ ಅಲ್ಲಿ 104 ರೂಪಾಯಿ 77 ಪೈಸೆ, ಇಲ್ಲಿ 94 ರೂಪಾಯಿ 79 ಪೈಸೆ. ಹೆಚ್ಚುಕಡಿಮೆ ಹತ್ತು ರೂಪಾಯಿ ಅಂತರ. ಒಬ್ಬ ರೈತ ಟ್ರ್ಯಾಕ್ಟರಿಗೆ ಟ್ರಾಲಿ ಕಟ್ಟಿಕೊಂಡು, ಟ್ರಾಲಿಯ ತುಂಬ ಖಾಲಿ ಕ್ಯಾನು ಹೇರಿಕೊಂಡು ಬಂದಿದ್ದ. ಎಷ್ಟು ದೂರದಿಂದ ಬಂದಿರಪ್ಪಾ ಎಂದು ಕೇಳಿದೆ. "ಹದಿನೈದ ಕಿಲೋಮೀಟರ್ ಆಗತದ ಬಾಯೀ. ಏನ್ ಮಾಡೂದು, ಹೊಲಾ ಹರಗಬೇಕು" ಎಂದ. ಬರುಹೋಗುವಿಕೆಗೆ ಆ ಟ್ರ್ಯಾಕ್ಟರ್ ಕುಡಿದ ಡೀಸೆಲ್ಲಿನ ಲೆಕ್ಕ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಮಾಸ್ತರಕಿ ಮಾಡಿದವರಿಗೆ ಇರುವ ಕೆಟ್ಟ ಚಾಳಿ ಅದು. ನುಂಗಿಕೊಂಡೆ.

ಆ ಸಾಲನ್ನು ನೋಡುತ್ತ ನಿಂತಾಗ ನನಗೆ ನೆನಪಾದದ್ದು ನಮ್ಮ ಓಣಿಯ ಬಾವಿ.

ಆ ಬಾವಿಗೆ ಮಳೆಗಾಲದಲ್ಲಿ ಆರು ಮಾರು ಹಗ್ಗ ಸಾಕು. ಶಿವರಾತ್ರಿಯ ಹೊತ್ತಿಗೆ ಹತ್ತು ಮಾರು ಬೇಕು. 1972ರ ಬರ ಬಿದ್ದಾಗ ನಾನು ಐದನೆಯ ಇಯತ್ತೆಯಲ್ಲಿದ್ದೆ. ಹಗ್ಗಕ್ಕೆ ಹಗ್ಗ ಗಂಟು ಹಾಕಿ, ಅದೂ ಸಾಲದೆ ಹಳೆ ಸೀರೆಯ ಅಂಚು ಹೊಸೆದು ಅದಕ್ಕೆ ಸೇರಿಸಿದ್ದರು. ಕೊಡ ಕೆಳಗೆ ಹೋಗಿ ಬಂಡೆಗೆ ಬಡಿದು ಟಣ್ ಎನ್ನುವುದು. ಮೇಲೆ ಬಂದಾಗ ಅರ್ಧ ನೀರು, ಅರ್ಧ ಕೆಸರು. ಗಂಟು ಗಡಗಡಿಯಲ್ಲಿ ಸಿಕ್ಕಿಕೊಂಡರೆ ಬಿಡಿಸುವ ಕೆಲಸ ನಮ್ಮದು, ಮಕ್ಕಳ ಬೆರಳು ಸಣ್ಣವಲ್ಲವೇ. ಮೊದಲು ಒಬ್ಬರೇ ಸೇದುತ್ತಿದ್ದ ಕೊಡಕ್ಕೆ ಈಗ ಇಬ್ಬರು ಬೇಕು, ಒಂದು ತಾಸಿಗೆ ಹತ್ತು ಕೊಡ ಸೇದುತ್ತಿದ್ದವರು ಮೂರು ಸೇದಿ ಕೂಡುವರು. ನಾನು ಮನೆಗೆ ಓಡಿ ಬಂದು "ಬಾವ್ಯಾಗ ನೀರ ಮುಗೀತು" ಎಂದಾಗ ನಮ್ಮ ಆಯಿ ಜೋಳ ಹಸನು ಮಾಡುತ್ತ ಕೂತಿದ್ದಳು. ಮೊರ ಕೆಳಗಿಡಲಿಲ್ಲ. "ನೀರ ಮುಗದಿಲ್ಲವಾ, ಹಗ್ಗ ಮುಗದದ" ಎಂದಳು.

ಭೂಮಿಯೊಳಗಿನ ಎಣ್ಣೆಯ ವಿಚಾರ ಬಂದಾಗಲೆಲ್ಲ ನನಗೆ ಆಯಿಯ ಆ ಮಾತಿಗಿಂತ ಒಳ್ಳೆಯ ವಿವರಣೆ ಸಿಕ್ಕಿಲ್ಲ. ಅದರ ಅರ್ಥ ಮೊದಲೇ ಹೊಳೆದಿದ್ದರೆ ಆಮೇಲಿನ ಮುಖಭಂಗ ತಪ್ಪುತ್ತಿತ್ತು. ಯಾಕೆಂದರೆ ಭೂಗೋಳ ಕಲಿಸುವಾಗ ನಾನೇ ಎಷ್ಟೋ ಬ್ಯಾಚಿನ ಹುಡುಗರಿಗೆ "ಇನ್ನು ಮೂವತ್ತು ವರ್ಷಕ್ಕೆ ಜಗತ್ತಿನ ಎಣ್ಣೆ ಮುಗಿಯುತ್ತದೆ" ಎಂದು ಬೋರ್ಡಿನ ಮೇಲೆ ಬರೆದು ಕೊಟ್ಟಿದ್ದೇನೆ. ಅವರಲ್ಲೊಬ್ಬ ಈಗ ಲಾರಿ ಓಡಿಸುತ್ತಾನೆ. ಸಂತೆಯಲ್ಲಿ ಸಿಕ್ಕಾಗ ಬಿಡುವುದಿಲ್ಲ: "ಅಕ್ಕೋರೆ, ಎಣ್ಣಿ ಮುಗೀತದ ಅಂದಿದ್ರಿ. ಮೂವತ್ತ ವರ್ಷ ಆತು, ನಾ ಇನ್ನಾ ಲಾರಿ ಹೊಡಿಲಕತ್ತೀನಿ!"

ಅವನು ನಗುವುದು ನ್ಯಾಯವೇ. ಮುಗಿಯುತ್ತದೆ ಎಂದು ಹೇಳಿದವರು ಬಹಳ ಜನ ಸುಳ್ಳಾಗಿದ್ದಾರೆ. ಅರ್ಧ ನಿಜವಾದವನೊಬ್ಬನ ಕಥೆ ಹೇಳುತ್ತೇನೆ. 1956ರಲ್ಲಿ ಶೆಲ್ ಕಂಪನಿಯಲ್ಲಿದ್ದ ಭೂವಿಜ್ಞಾನಿ ಕಿಂಗ್ ಹಬರ್ಟ್, ಅಮೆರಿಕದ ಎಣ್ಣೆ ಉತ್ಪಾದನೆ 1965ರಿಂದ 1970ರೊಳಗೆ ತುದಿ ಮುಟ್ಟಿ ಅಲ್ಲಿಂದ ಇಳಿಯುತ್ತದೆ ಎಂದ. ನಕ್ಕರು. 1970ರಲ್ಲಿ ತುದಿ ಮುಟ್ಟಿತು, ಇಳಿಯಿತು, ಒಟ್ಟಾರೆ ಮೂರೂವರೆ ದಶಕಕ್ಕೂ ಹೆಚ್ಚು ಕಾಲ ಇಳಿಜಾರಿನಲ್ಲೇ ಇತ್ತು. ಹಬರ್ಟ್ ಗೆದ್ದ ಎಂದುಕೊಳ್ಳುವಷ್ಟರಲ್ಲಿ ಅಲ್ಲಿನವರು ಗಟ್ಟಿ ಬಂಡೆಯನ್ನೇ ನೀರಿನ ಒತ್ತಡದಿಂದ ಒಡೆದು, ಸೀಳಿಗೆ ಮರಳು ತುರುಕಿ, ಅದರೊಳಗೆ ಹನಿಹನಿಯಾಗಿ ಸಿಕ್ಕಿಬಿದ್ದ ಎಣ್ಣೆ ತೆಗೆಯುವ ಉಪಾಯ ಕಂಡುಕೊಂಡರು. 2018ರಲ್ಲಿ 1970ರ ದಾಖಲೆಯನ್ನೇ ಮೀರಿದರು. ಇವತ್ತು ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ಎಣ್ಣೆ ತೆಗೆಯುವ ದೇಶ ಅದೇ.

ಹಾಗಾದರೆ ಚಿಂತೆ ಯಾಕೆ? ಆ ಬಂಡೆಯ ಬಾವಿಗಳು ಮೊದಲ ಎರಡು ಮೂರು ವರ್ಷದಲ್ಲೇ ಬಹುಪಾಲು ಎಣ್ಣೆ ಕೊಟ್ಟು ಸೊರಗುತ್ತವೆ. ಇಳುವರಿ ಕಾಪಾಡಲು ಪಕ್ಕದಲ್ಲಿ ಮತ್ತೊಂದು, ಅದರ ಪಕ್ಕದಲ್ಲಿ ಮಗದೊಂದು ತೋಡುತ್ತಲೇ ಇರಬೇಕು. ನಮ್ಮ ಕಡೆ ಬೋರು ಹೊಡೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುತ್ಯಾ ತೋಡಿದ ತೆರೆದ ಬಾವಿಯಲ್ಲಿ ಎತ್ತು ಹೂಡಿ ನೀರೆತ್ತಿದರು, ಅಪ್ಪನ ಕಾಲಕ್ಕೆ ಇನ್ನೂರು ಅಡಿ ಬೋರು, ನಮ್ಮ ಕಾಲಕ್ಕೆ ಐನೂರು. ನೀರು ಇದೆ. ಆದರೆ ಅದನ್ನು ಮೇಲೆ ತರುವ ಖರ್ಚಿಗೆ ಬೆಳೆಯ ಲಾಭವೇ ಹೋಗುತ್ತದೆ.

ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ಮುಂಬೈ ಹೈ ಇದೆ. ಸಾಗರ ಸಾಮ್ರಾಟ್ ಎಂಬ ಕೊರೆಯುವ ರಿಗ್ಗು 1974ರಲ್ಲಿ ಅರಬ್ಬಿ ಸಮುದ್ರದಲ್ಲಿ ಎಣ್ಣೆ ಹುಡುಕಿತು, 1976ರಿಂದ ಎಣ್ಣೆ ಬರತೊಡಗಿತು. ಆಗ ಸಾಲೆಯಲ್ಲಿ ಪೇಡೆ ಹಂಚಿದ್ದು ನೆನಪಿದೆ. 1989ರ ಸುಮಾರಿಗೆ ದಿನಕ್ಕೆ 4 ಲಕ್ಷ ಬ್ಯಾರೆಲ್ ದಾಟಿತ್ತು. ಈಗ ಅದರ ಮೂರನೆಯ ಒಂದು ಪಾಲಿನ ಆಸುಪಾಸು. ಅತ್ತ ನಮ್ಮ ಖರ್ಚು ದಿನಕ್ಕೆ 50 ಲಕ್ಷ ಬ್ಯಾರೆಲ್ ಮೀರಿದೆ, ಒಂದು ಬ್ಯಾರೆಲ್ ಎಂದರೆ 159 ಲೀಟರ್. ನೂರಕ್ಕೆ 85 ಪಾಲಿಗಿಂತ ಹೆಚ್ಚು ಕಚ್ಚಾ ಎಣ್ಣೆಯನ್ನು ಹೊರಗಿನಿಂದ ತರುತ್ತೇವೆ.

ಜಗತ್ತಿನ ಲೆಕ್ಕವನ್ನು ಬೆರಳ ಮೇಲೇ ಮಾಡಬಹುದು. ಗೊತ್ತಿರುವ ನಿಕ್ಷೇಪ ಸುಮಾರು 1.7 ಲಕ್ಷ ಕೋಟಿ ಬ್ಯಾರೆಲ್. ಖರ್ಚು ದಿನಕ್ಕೆ 10 ಕೋಟಿ ಬ್ಯಾರೆಲ್. ಭಾಗಿಸಿದರೆ 17,000 ದಿನ, ನಲವತ್ತಾರು ನಲವತ್ತೇಳು ವರ್ಷ. ಹೊಸ ನಿಕ್ಷೇಪ ಸಿಗುತ್ತದೆ, ಖರ್ಚು ಏರುತ್ತದೆ ಅಥವಾ ಇಳಿಯುತ್ತದೆ, ಹಾಗಾಗಿ ಈ ಅಂಕಿಯನ್ನು ಪಂಚಾಂಗದಂತೆ ನಂಬಬಾರದು. ನನ್ನ ಲಾರಿಯ ಶಿಷ್ಯನಿಗೆ ಈಗ ನಾನು ಕೊಡುವ ಉತ್ತರವೇ ಬೇರೆ. ಎಣ್ಣೆ ಮುಗಿಯುವ ದಿನ ನಿನ್ನ ಕಣ್ಣಿಗೂ ಬೀಳಲಿಕ್ಕಿಲ್ಲ, ನಿನ್ನ ಮಗನ ಕಣ್ಣಿಗೂ ಬೀಳಲಿಕ್ಕಿಲ್ಲ. ಹಗ್ಗ ಉದ್ದವಾಗುವುದು ಮಾತ್ರ ದಿನಾ ಕಾಣುತ್ತದೆ. 2017ರ ಜೂನ್‌ನಲ್ಲಿ ದರ ಬದಲಾಯಿಸುವುದನ್ನೂ ದಿನಾ ಬೆಳಗಿನ ಆರು ಗಂಟೆಗೇ ಎಂದು ಮಾಡಿದರಲ್ಲವೇ?

ಇನ್ನು ಈ ಎಣ್ಣೆ ನಮ್ಮ ಊರಿಗೆ ಬಂದ ಬಗೆ. ಮೈಸೂರು ಕಡೆಯವರು ಸೀಮೆಎಣ್ಣೆ ಎನ್ನುತ್ತಾರೆ, ನಾವು ಚಿಮಣಿ ಎಣ್ಣೆ ಎನ್ನುತ್ತೇವೆ. ಎಲ್ಲಿಂದ ಬಂತು ಎಂಬುದನ್ನು ಅವರು ಹೆಸರಿನಲ್ಲಿ ಇಟ್ಟುಕೊಂಡರು, ಯಾತಕ್ಕೆ ಬಂತು ಎಂಬುದನ್ನು ನಾವು. ನಿಜಾಮನ ರಾಜ್ಯದ ಕಾಲಕ್ಕೇ ಡಬ್ಬಿಗಳಲ್ಲಿ ಬಂದಿತ್ತು ಎಂದು ಮುತ್ಯಾ ಹೇಳುತ್ತಿದ್ದರು. ಎಣ್ಣೆ ತೀರಿದ ಮೇಲೆ ಆ ತಗಡಿನ ಡಬ್ಬಿಗೆ ಮೇಲೆ ಅಡ್ಡ ಕಟ್ಟಿಗೆ ಬಡಿದರೆ ನೀರು ಹೊರುವ ಪಾತ್ರೆ, ಕತ್ತರಿಸಿ ಹರಡಿದರೆ ಮಾಡಿಗೆ ತಗಡು.

1973ರ ಅಕ್ಟೋಬರಿನಲ್ಲಿ ಅರಬರಿಗೂ ಇಸ್ರೇಲಿಗೂ ಯುದ್ಧವಾಗಿ, ಮೂರು ಡಾಲರಿನ ಸುತ್ತ ಇದ್ದ ಬ್ಯಾರೆಲ್ ಬೆಲೆ ಮೂರು ತಿಂಗಳಲ್ಲಿ ಹನ್ನೊಂದು ಡಾಲರ್ ದಾಟಿತು. ಖಜೂರಿಯಲ್ಲಿ ಇಸ್ರೇಲ್ ಎಲ್ಲಿದೆ ಎಂದು ಹೇಳಬಲ್ಲವರು ಸಾಲೆಯ ನಕಾಶೆಯ ಹತ್ತಿರ ಕೂಡುವ ನಾವು ನಾಲ್ಕು ಹುಡುಗಿಯರು ಮಾತ್ರ. ಆದರೆ ಯುದ್ಧದ ಸುದ್ದಿ ಕಂಟ್ರೋಲ್ ಅಂಗಡಿಗೆ ತಾನಾಗಿ ಬಂತು. ಕುತ್ತಿಗೆಗೆ ಸುತಳಿ ಕಟ್ಟಿದ ಬಾಟಲಿ ಹಿಡಿದು ನಸುಕಿನಲ್ಲೇ ಸಾಲು. ಜನ ನಿಲ್ಲುತ್ತಿರಲಿಲ್ಲ, ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ ತಾವು ಕಟ್ಟೆಯ ಮೇಲೆ ಕೂಡುತ್ತಿದ್ದರು. ಅಂಗಡಿಯವನ ಅಳತೆಯ ಡಬ್ಬಿಯ ತಳ ಒಳಕ್ಕೆ ಉಬ್ಬಿತ್ತು. ಅದು ಬಿದ್ದು ನೆಗ್ಗಿದ್ದೋ, ಬೇಕೆಂದೇ ನೆಗ್ಗಿಸಿದ್ದೋ, ಊರಿನಲ್ಲಿ ಎರಡು ಪಕ್ಷಗಳಿದ್ದವು. ಲಾಳಿಕೆಯಿಂದ ಕೊನೆಯ ಹನಿ ಇಳಿಯುವವರೆಗೆ ಬಾಟಲಿ ಅಲ್ಲಾಡಿಸುತ್ತ ನಿಲ್ಲಬೇಕು. ಮನೆಗೆ ಬಂದರೆ ಕೈಗೆ ಅಂಟಿದ ವಾಸನೆ ರಾತ್ರಿಯ ರೊಟ್ಟಿಗೂ ಹತ್ತುತ್ತಿತ್ತು.

ಆ ಚಳಿಗಾಲ ಮನೆಯಲ್ಲಿ ಎರಡು ಕಂದೀಲು ಇದ್ದದ್ದು ಒಂದಾಯಿತು. ಕಂದೀಲಿನ ಗಾಜನ್ನು ಬೂದಿಯಿಂದ ತಿಕ್ಕಿ ಹೊಳೆಯಿಸಿದರೆ ಸಣ್ಣ ಬತ್ತಿಯಲ್ಲೂ ಬೆಳಕು ಹೆಚ್ಚು ಎಂಬುದು ಆಯಿಯ ಲೆಕ್ಕ. ನಾನು ಓದುತ್ತ ತೂಕಡಿಸಿದ ಕೂಡಲೇ ಅಡುಗೆಮನೆಯಿಂದಲೇ ಕೂಗುತ್ತಿದ್ದಳು, "ಬತ್ತಿ ಇಳಸು!" ಈ ಉಳಿತಾಯವನ್ನು ನಾನು ಚಂದ ಮಾಡಿ ಹೇಳಲಾರೆ. ಹೊಗೆಯಿಂದ ಕಣ್ಣು ಉರಿಯುತ್ತಿತ್ತು, ಬೆಳಿಗ್ಗೆ ಮೂಗಿನಿಂದ ಕಪ್ಪು ಮಸಿ ಬರುತ್ತಿತ್ತು. ಚಿಮಣಿ ಎಣ್ಣೆಯ ಕಾಲ ಹೋದದ್ದಕ್ಕೆ ನಾನು ಅತ್ತಿಲ್ಲ.

ಅತ್ತದ್ದು ಎತ್ತು ಹೋದಾಗ. 1996ರ ಬೇಸಿಗೆಯಲ್ಲಿ ಅಪ್ಪ ದೇವಣಿ ಜೋಡಿಯನ್ನು ಮಾರಿದರು. ಬಿಳಿ ಮೈ, ಕಪ್ಪು ಚುಕ್ಕೆ, ಜೋಲು ಕಿವಿ. ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ ಬಳಿಯುವಾಗ ತಾವಾಗಿ ತಲೆ ಬಗ್ಗಿಸುತ್ತಿದ್ದವು. ಅಪ್ಪನಿಗೆ ವಯಸ್ಸಾಗಿತ್ತು, ಆಳು ಪುಣೆಗೆ ಹೋಗಿದ್ದ, ಮೇವಿಗೆ ಹೊಟ್ಟು ಕಣಕಿ ಸಾಲುತ್ತಿರಲಿಲ್ಲ. ಟ್ರ್ಯಾಕ್ಟರಿನವನು ಫೋನು ಮಾಡಿದರೆ ಬರುತ್ತಾನೆ, ಎರಡು ದಿನದ ರಂಟಿ ಎರಡು ತಾಸಿನಲ್ಲಿ ಮುಗಿಯುತ್ತದೆ, ಉಳಿದ ಮುನ್ನೂರು ದಿನ ಅದಕ್ಕೆ ಮೇವು ಹಾಕಬೇಕಾಗಿಲ್ಲ. ಅಪ್ಪ ಮಾಡಿದ್ದು ತಪ್ಪೆಂದು ಇವತ್ತಿಗೂ ನಾನು ಹೇಳುವುದಿಲ್ಲ. ಇಡೀ ದೇಶ ಅದನ್ನೇ ಮಾಡಿತು. 2019ರ ಜಾನುವಾರು ಗಣತಿಯಲ್ಲಿ ಹೋರಿ ಎತ್ತುಗಳ ಸಂಖ್ಯೆ ಅದಕ್ಕಿಂತ ಏಳು ವರ್ಷದ ಹಿಂದಿನ ಲೆಕ್ಕಕ್ಕಿಂತ ನೂರಕ್ಕೆ ಸುಮಾರು 30ರಷ್ಟು ಇಳಿದಿತ್ತು.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಈ ಭಾಷಣದಲ್ಲಿ ನೀವು ನೆನಪಿಡುವುದು ಇದೊಂದೇ ಆದರೂ ನನಗೆ ತೃಪ್ತಿ. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 10 ಯೂನಿಟ್ ಕರೆಂಟಿನಷ್ಟು ಶಕ್ತಿ ಇದೆ. ಎಂಜಿನ್ನಿನಲ್ಲಿ ಮುಕ್ಕಾಲು ಪಾಲಿನಷ್ಟು ಬಿಸಿಯಾಗಿ ಹೋಗಿ, ಎರಡೂವರೆಯಿಂದ ಮೂರು ಯೂನಿಟ್ ಕೆಲಸಕ್ಕೆ ಸಿಗುತ್ತದೆ. ಗಟ್ಟಿಮುಟ್ಟಾದ ಒಬ್ಬ ಆಳು ದಿನವಿಡೀ ಗುದ್ದಲಿ ಹಿಡಿದರೆ ಕೊಡುವುದು ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು. ಅಂದರೆ ಒಂದು ಲೀಟರ್ ಡೀಸೆಲ್ ಒಬ್ಬ ಆಳಿನ ನಾಲ್ಕೈದು ದಿನದ ಬೆವರು. 2025–26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ನಾಲ್ಕು ದಿನಕ್ಕೇ 1,480 ರೂಪಾಯಿ. 2025ರ ಏಪ್ರಿಲ್‌ನಲ್ಲಿ ತೆರಿಗೆ ಏರಿಸಿದ ಮೇಲೂ ಬೆಂಗಳೂರಿನಲ್ಲಿ ಡೀಸೆಲ್ ಲೀಟರಿಗೆ 91 ರೂಪಾಯಿ ಇತ್ತು.

ಡೀಸೆಲ್ ತುಟ್ಟಿಯಾಯಿತು ಎಂದು ನಾವು ಬೊಬ್ಬೆ ಹೊಡೆಯುತ್ತೇವೆ, ನಾನೂ ಹೊಡೆದಿದ್ದೇನೆ. ಆದರೆ ಇಷ್ಟು ಅಗ್ಗದ ಆಳು ನಮ್ಮ ಏಳು ತಲೆಮಾರಿನಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಉಣ್ಣುವುದಿಲ್ಲ, ಮುಂಗಡ ಕೇಳುವುದಿಲ್ಲ, ಜಾತ್ರೆಗೆ ರಜೆ ಹಾಕುವುದಿಲ್ಲ. ಈ ಆಳಿನ ಮೇಲೆ ಭರವಸೆ ಇಟ್ಟೇ ನಾವು ಎತ್ತು ಮಾರಿದ್ದು, ಮಕ್ಕಳನ್ನು ಪಟ್ಟಣಕ್ಕೆ ಓದಲು ಕಳಿಸಿದ್ದು, ನಾನು ದಿನಾ ಬಸ್ಸಿನಲ್ಲಿ ಹೋಗಿ ನೌಕರಿ ಮಾಡಿದ್ದು. ಆ ಬಸ್ಸು ಓಡಿದ ರಸ್ತೆಯ ಡಾಂಬರು ಕೂಡ ಎಣ್ಣೆ ಬಟ್ಟಿ ಇಳಿಸಿದ ಮೇಲೆ ತಳದಲ್ಲಿ ಉಳಿಯುವ ಗಸಿಯೇ.

ಎತ್ತು ಪೂರ್ತಿ ಹೋಗಿಲ್ಲ ಎಂಬುದು ಇನ್ನೊಂದು ತಮಾಷೆ. ತೊಗರಿಯ ಸಾಲಿನ ನಡುವೆ ಎಡೆ ಹೊಡೆಯಲು ದೊಡ್ಡ ಟ್ರ್ಯಾಕ್ಟರ್ ಒಗ್ಗುವುದಿಲ್ಲ, ಗಿಡ ಮುರಿಯುತ್ತದೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಸನ್ಮಾನವಾಯಿತು. ಆದರೆ ಅದರ ಕಳೆ ತೆಗೆಯಲು ಎತ್ತಿನ ಜೋಡಿ ಇರುವವನ ಮನೆ ಬಾಗಿಲಿಗೆ ನಸುಕಿನಲ್ಲೇ ಹೋಗಿ ಪಾಳಿ ಹಿಡಿಯಬೇಕು. ಕೆಲವರು ಸೈಕಲ್ಲಿನ ಗಾಲಿಗೆ ಕುಂಟೆಯ ಕುಡ ಕಟ್ಟಿಕೊಂಡು ತಾವೇ ನೂಕುತ್ತಾರೆ. ಎಳ್ಳ ಅಮಾಸಿಗೆ ಚರಗ ಚೆಲ್ಲಲು ಹೋಗುವಾಗ ಭಜ್ಜಿ, ಸಜ್ಜಿ ರೊಟ್ಟಿಯ ಬುಟ್ಟಿಗಳೆಲ್ಲ ಟ್ರಾಲಿಯಲ್ಲಿ. ಮೊಮ್ಮಕ್ಕಳಿಗೆ ಫೋಟೋ ಬೇಕೆಂದರೆ ಮಾತ್ರ ಯಾರದಾದರೂ ಬಂಡಿ ಹುಡುಕುತ್ತೇವೆ.

ಅಡುಗೆಮನೆಗೆ ಬರೋಣ. 2016ರಲ್ಲಿ ಉಜ್ವಲಾ ಬಂದ ಮೇಲೆ ನಮ್ಮ ಓಣಿಯಲ್ಲಿ ಸಿಲಿಂಡರ್ ಇಲ್ಲದ ಮನೆ ಹುಡುಕಬೇಕು. ಆದರೆ ಒಳಗೆ ಹೋಗಿ ನೋಡಿ. ಚಹಾ, ಮೊಮ್ಮಗುವಿನ ಹಾಲು, ಬಂದವರಿಗೆ ಉಪ್ಪಿಟ್ಟು ಗ್ಯಾಸಿನ ಮೇಲೆ. ಜೋಳದ ರೊಟ್ಟಿ ಹಿತ್ತಲಿನ ಒಲೆಯ ಮೇಲೆ, ತೊಗರಿ ಕಟ್ಟಿಗೆ ಉರಿಸಿ. ಗ್ಯಾಸಿನಲ್ಲಿ ರೊಟ್ಟಿ ಉಬ್ಬುವುದಿಲ್ಲ ಎಂದು ಪಕ್ಕದ ಮನೆಯ ಕಾಕು ಹೇಳುತ್ತಾಳೆ. ಉಬ್ಬುತ್ತದೆ. ಆದರೆ ಮನೆಯಲ್ಲಿ ಎಂಟು ಮಂದಿ, ದಿನಕ್ಕೆ ಮೂವತ್ತು ರೊಟ್ಟಿ, 14.2 ಕಿಲೋ ಸಿಲಿಂಡರ್ ಎಷ್ಟು ದಿನ ಬಾಳೀತು? ಈ ಗ್ಯಾಸಿನ ಅರ್ಧಕ್ಕಿಂತ ಹೆಚ್ಚು ಪಾಲು ಹೊರದೇಶದ್ದು, ಅದರಲ್ಲಿ ಬಹುಪಾಲು ಕೊಲ್ಲಿ ದೇಶಗಳಿಂದ ಹೊರ್ಮುಜ್ ಜಲಸಂಧಿ ದಾಟಿ ಬರಬೇಕು. ಅತಿ ಇಕ್ಕಟ್ಟಾದಲ್ಲಿ ಅದರ ಅಗಲ ಮೂವತ್ತಮೂರು ಕಿಲೋಮೀಟರ್, ಖಜೂರಿಯಿಂದ ಕಲಬುರಗಿಗಿಂತ ಹತ್ತಿರ. 2024ರಲ್ಲಿ ಜಗತ್ತು ಸುಟ್ಟ ಎಣ್ಣೆಯ ಸುಮಾರು ಐದನೆಯ ಒಂದು ಪಾಲು ಆ ಸಂದಿಯಲ್ಲಿ ಹಾದು ಹೋಗಿತ್ತು. 2025ರ ಜೂನ್‌ನಲ್ಲಿ ಇಸ್ರೇಲಿಗೂ ಇರಾನಿಗೂ ಹನ್ನೆರಡು ದಿನ ಬಡಿದಾಟವಾದಾಗ ಕಾಕು ಟಿ.ವಿ. ನೋಡಿ ನನ್ನನ್ನು ಕೇಳಿದ್ದು ಒಂದೇ ಮಾತು: "ಅಕ್ಕೋರೆ, ಇನ್ನೊಂದ ಸಿಲಿಂಡರ್ ಈಗೇ ಬುಕ್ ಮಾಡಿ ಇಡ್ಲೇನು?" ಐವತ್ತು ವರ್ಷದ ಹಿಂದೆ ಬಾಟಲಿ ಹಿಡಿದು ನಿಂತಾಗ ಊರಿನವರಿಗೆ ಇಲ್ಲದ ಭೂಗೋಳದ ತಿಳುವಳಿಕೆ ಅದು. ಮೆಚ್ಚಿಕೊಂಡೆ.

ಸರ್ಕಾರವೂ ಕಾಕುವಿನಂತೆ ಒಂದಿಷ್ಟು ಎತ್ತಿಟ್ಟಿದೆ. ನಮ್ಮ ಕಡೆ ಜೋಳ ಕೂಡಿಡುತ್ತಿದ್ದ ಹಗೇವು ನೆನಪಿದೆಯೇ? ನೆಲದೊಳಗೆ ಕೊರೆದ ಗುಂಡಿ, ಕತ್ತಿನಷ್ಟು ಬಾಯಿ. ತೆಗೆಯುವಾಗ ಮೊದಲು ದೀಪ ಇಳಿಬಿಡುವರು. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದು ಲೆಕ್ಕ, ಯಾರೂ ಇಳಿಯಬಾರದು. ದೇಶಕ್ಕೂ ಅಂಥ ಮೂರು ಎಣ್ಣೆಯ ಹಗೇವುಗಳಿವೆ, ಬಂಡೆಯೊಳಗೆ ಕೊರೆದವು. ಎರಡು ನಮ್ಮ ಕರ್ನಾಟಕದಲ್ಲೇ: ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಯುವಂಥದು, ಮಂಗಳೂರಿನಲ್ಲಿ 15 ಲಕ್ಷ ಟನ್ನಿನದು. ಮೂರನೆಯದು ವಿಶಾಖಪಟ್ಟಣದಲ್ಲಿ. ಮೂರೂ ತುಂಬಿದ್ದರೆ ದೇಶಕ್ಕೆ ಒಂಬತ್ತೂವರೆ ದಿನಕ್ಕೆ ಸಾಕು. ಕಂಪನಿಗಳ ಟ್ಯಾಂಕುಗಳಲ್ಲಿ ಇರುವುದು ಬೇರೆ, ಅದು ಇನ್ನಷ್ಟು ದಿನ. ಆದರೂ ಮುತ್ಯಾನ ಹಗೇವು ಎರಡು ಬರಗಾಲ ದಾಟಿಸುತ್ತಿತ್ತು ಎಂಬುದು ತಲೆಯಿಂದ ಹೋಗುವುದಿಲ್ಲ.

ಪರ್ಯಾಯಗಳ ಬಗ್ಗೆ ಕೇಳುವಿರಿ. ಆಳಂದದಲ್ಲಿ ಬ್ಯಾಟರಿ ಸ್ಕೂಟರುಗಳು ಓಡಾಡುತ್ತಿವೆ, ಒಳ್ಳೆಯದು. ನಮ್ಮ ಬಿಸಿಲಿಗೆ ಸೌರಶಕ್ತಿ ಹೇಳಿ ಮಾಡಿಸಿದ್ದು, ಅದೂ ಒಳ್ಳೆಯದು. 2009ರಲ್ಲಿ ರಾಜ್ಯ ಜೈವಿಕ ಇಂಧನ ನೀತಿ ಮಾಡಿ ಹೊಂಗೆ, ಬೇವು, ಹಿಪ್ಪೆ ನೆಡಿರೆಂದಿತು. ಹೊಂಗೆ ಎಂದರೆ ನಮ್ಮ ಹುಲಗಲ. ಮರಗಳು ರಸ್ತೆಬದಿಗೆ ನೆರಳು ಕೊಡುತ್ತಿವೆ, ಬೀಜ ಆಯುವವರಿಲ್ಲ. ಪೆಟ್ರೋಲಿಗೆ ನೂರಕ್ಕೆ 20 ಪಾಲು ಎಥೆನಾಲ್ ಬೆರೆಸುವ ಗುರಿ 2030ರದು, 2025ರಲ್ಲೇ ಮುಟ್ಟಿದೆವು. ಇದನ್ನು ಹೊಗಳುವಾಗ ಮಾತ್ರ ನನ್ನ ನಾಲಿಗೆ ತಡೆಯುತ್ತದೆ. ನಮ್ಮ ತಾಲೂಕಿನ ಭೂಸನೂರಿನಲ್ಲಿ ಸಕ್ಕರೆ ಕಾರ್ಖಾನೆ ಇದೆ, ಕೊರಳ್ಳಿಯ ಅಮರ್ಜಾ ಅಣೆಕಟ್ಟಿನ ನೀರಿದೆ, ಕಬ್ಬು ಬೆಳೆಯುತ್ತದೆ. ಆದರೆ ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ಆಗಲು ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ್ದೇ ವರದಿ ಹೇಳಿದೆ. ಎಣ್ಣೆ ಬಾವಿಯ ಹಗ್ಗ ಉಳಿಸಲು ನೀರಿನ ಬಾವಿಯ ಹಗ್ಗ ಉದ್ದ ಮಾಡಿದ ಹಾಗೆ.

ಕೊನೆಗೆ ನಮ್ಮದೇ ಎಣ್ಣೆಯ ಮಾತು. ಕಲಬುರಗಿಯ ಎರೆ ಹೊಲಕ್ಕೆ ಕುಸುಬಿ ಹಳೆಯ ನೆಂಟ. ಹಿಂಗಾರಿ ಜೋಳದ ಸುತ್ತ ನಾಲ್ಕು ಸಾಲು ಕುಸುಬಿ ಬಿತ್ತಿದರೆ ಅದರ ಮುಳ್ಳಿಗೆ ಅಂಜಿ ದನ ಒಳಗೆ ಬರುತ್ತಿರಲಿಲ್ಲ. ಬೇಲಿಯೂ ಅದೇ, ಎಣ್ಣೆಯೂ ಅದೇ. ಕಟಾವು ಮಾತ್ರ ಪೀಡೆ. ಇಬ್ಬನಿ ಬಿದ್ದು ಮುಳ್ಳು ಮೆತ್ತಗಿರುವಾಗ ನಸುಕಿನಲ್ಲಿ, ಕೈಕಾಲಿಗೆ ಗೋಣಿ ಸುತ್ತಿಕೊಂಡು ಕೀಳಬೇಕು. ಅಂಗಡಿಯಲ್ಲಿ ಪಾಮ್ ಎಣ್ಣೆಯ ಪಾಕೀಟು ಅಗ್ಗಕ್ಕೆ ಸಿಕ್ಕಮೇಲೆ ಈ ಮುಳ್ಳಿನ ಸಹವಾಸ ಯಾರಿಗೆ ಬೇಕು? ಕುಸುಬಿ ಹೋಗಿ ಸೋಯಾ ಬಂತು, ತೊಗರಿ ಹಬ್ಬಿತು. ಆಮೇಲೆ ಅದೇ 2022, ಅದೇ ಏಪ್ರಿಲ್. ಪಂಪಿನ ಮುಂದೆ ಎಂಎಚ್ ಗಾಡಿಗಳ ಸಾಲು ಇದ್ದಾಗಲೇ ಯುಕ್ರೇನಿನ ಯುದ್ಧದಿಂದ ಅಲ್ಲಿನ ಸೂರ್ಯಕಾಂತಿ ಎಣ್ಣೆ ಬರುವುದು ನಿಂತಿತ್ತು, ಏಪ್ರಿಲ್ 28ಕ್ಕೆ ಇಂಡೊನೇಶಿಯಾ ಪಾಮ್ ಎಣ್ಣೆಯ ರಫ್ತು ನಿಲ್ಲಿಸಿತು. ಮೇ 23ಕ್ಕೆ ಮತ್ತೆ ಬಿಟ್ಟಿತೆನ್ನಿ. ಆದರೆ ಆ ದೇಶ ತನ್ನ ಡೀಸೆಲ್ಲಿಗೂ ಪಾಮ್ ಎಣ್ಣೆ ಬೆರೆಸುತ್ತದೆ, 2025ರಿಂದ ನೂರಕ್ಕೆ 40 ಪಾಲು. ನಮ್ಮ ಬಾಣಲೆಗೆ ಬರಬೇಕಾದದ್ದು ಅಲ್ಲಿನ ಲಾರಿಯ ಟ್ಯಾಂಕಿಗೆ ಹೋದೀತು. ಹೀಗೆ ಕಲ್ಲೆಣ್ಣೆ ತುಟ್ಟಿಯಾದರೆ ಕರಿದ ಭಜಿಯೂ ತುಟ್ಟಿ.

ಆ ವರ್ಷ ತಮ್ಮನಿಗೆ ಹೇಳಿ ಜೋಳದ ಸುತ್ತ ನಾಲ್ಕು ಸಾಲು ಕುಸುಬಿ ಹಾಕಿಸಿದೆ. ನಸುಕಿನಲ್ಲಿ ನಾನೂ ಹೋಗಿದ್ದೆ, ಮುಳ್ಳು ಚುಚ್ಚಿಸಿಕೊಂಡೆ. ಇಪ್ಪತ್ತು ಕಿಲೋ ಬಂತು. ತಮ್ಮ ಚೀಲವನ್ನು ಬೈಕಿನ ಮೇಲೆ ಹೇರಿಕೊಂಡು ಆಳಂದದ ಎಣ್ಣೆ ಗಿರಣಿಗೆ ಹೋದ, ನಾನು ಐದು ಲೀಟರಿನ ಕ್ಯಾನು ಹಿಡಿದು ಬಸ್ಸಿನಲ್ಲಿ ಹೋದೆ. ಹೋಗಿ ನೋಡಿದರೆ ಗಿರಣಿ ನಿಂತಿತ್ತು. "ಕರೆಂಟ್ ಸಂಜಿಮಟ ಬರಂಗಿಲ್ರಿ ಅಕ್ಕೋರೆ" ಎಂದ ಗಿರಣಿಯವನು. "ಜನರೇಟರ್ ಅದ, ಖರೆ ಟಾಕಿ ಖಾಲಿ ಅದ. ಎರಡ ಲೀಟರ್ ಡೀಸೆಲ್ ತಂದ್ರ ಈಗೇ ಹಿಂಡಿ ಕೊಡ್ತೀನಿ."

ತಮ್ಮ ನನ್ನ ಕೈಯ ಕ್ಯಾನು ಕಸಿದುಕೊಂಡು ಪಂಪಿಗೆ ಹೋದ. ಜನರೇಟರ್ ಹೊಗೆ ಉಗುಳಿತು, ಗಾಣ ತಿರುಗಿತು, ಹಳದಿ ಎಣ್ಣೆ ಇಳಿಯತೊಡಗಿತು. ಹಿಂಡಿ ಒಂದು ಕಡೆ ಚಕ್ಕೆಚಕ್ಕೆಯಾಗಿ ಬೀಳುತ್ತಿತ್ತು. ಆಮೇಲೆ ತಮ್ಮ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಎಣ್ಣೆಗೆಂದು ತಂದ ಕ್ಯಾನಿಗೆ ಡೀಸೆಲ್ ಹಿಡಿಸಿ ಆಗಿತ್ತು. ಗಿರಣಿಯವನೇ ಒಂದು ಹಳೆಯ ತಗಡಿನ ಡಬ್ಬಿ ತೊಳೆದು ಕೊಟ್ಟ, ಇಪ್ಪತ್ತು ರೂಪಾಯಿ ಹಿಡಿದುಕೊಂಡ.

ಸಂಜೆಯ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕಂಡಕ್ಟರ್ ಹತ್ತಿರ ಬಂದವನೇ ಡಬ್ಬಿಯ ಮೇಲೆ ಕಣ್ಣಿಟ್ಟ. "ಡೀಸೆಲ್ ಏನ್ರಿ ಅಕ್ಕೋರೆ? ಬಸ್ಸಿನಾಗ ಒಯ್ಯಂಗಿಲ್ಲ ನೋಡ್ರಿ." ಮೂಸಿ ನೋಡಪ್ಪಾ ಎಂದು ಮುಚ್ಚಳ ತೆಗೆದೆ. ಅವನು ಬಗ್ಗಿದ. ಒಂದು ಸಲ ಮೂಸಿದ, ಮತ್ತೊಂದು ಸಲ ಮೂಸಿದ. "ಕುಸುಬಿ!" ಎಂದ. "ನಮ್ಮ ಆಯಿ ರೊಟ್ಟಿಗಿ ಖಾರದಪುಡಿ ಹಾಕಿ ಮ್ಯಾಲ ಇದನ್ನ ಬಿಡ್ತಿದ್ಳು." ಹಿಂದಿನ ಸೀಟಿನ ಟಿಕೇಟು ಹರಿಯುವುದನ್ನೂ ಮರೆತು ಎಲ್ಲಿ ಹಿಂಡಿಸಿದಿರಿ, ಕಿಲೋಕ್ಕೆ ಎಷ್ಟು ತಗೊಂಡ ಎಂದು ಕೇಳತೊಡಗಿದ. ಡೀಸೆಲ್ಲಿನ ಸಂಗತಿ ನಾನು ಹೇಳಲಿಲ್ಲ.